ಕಂದಕ ಮುಚ್ಚಿದವನ ಮಾತು

ಹೌದು, ಮುಚ್ಚಿದವನು ನಾನೇ. ಅರವತ್ತೆರಡರ ಆಗಸ್ಟು,
ಗೋಧಿ ಕೊಯ್ಲು ಮುಗಿದ ಮಾರನೇ ವಾರ.
ಹೊಲದ ನಡುವಿನ ಹಳ್ಳ ದಿಣ್ಣೆ ಸಮ ಮಾಡಿದವರಿಗೆ
ಎಕರೆಗಿಷ್ಟೆಂದು ಸರ್ಕಾರ ದುಡ್ಡು ಕೊಡುತ್ತಿತ್ತು.
ನನಗೆ ಹತ್ತೊಂಬತ್ತು. ಬುಲ್ಡೋಜರು ನನಗಿಂತ ಹೊಸದು.
ಧಣಿ ಥರ್ಕೆಟಲ್ ಬೇಲಿಗೊರಗಿ ಪೈಪು ಕಚ್ಚಿಕೊಂಡು
‘ನಾಲ್ಕು ಮೂಲೆಯ ಕೊಳಚೆ, ರೂಬೆನ್, ಬಾತುಕೋಳಿಗೂ ಬೇಡದ್ದು’ ಎಂದ.

ನಾಲ್ಕು ಮೂಲೆ, ನಿಜ. ನಕ್ಷೆಯಲ್ಲಿ ಅದರ ಹೆಸರು ಪಿಸನ್‌ಹೋ.
ಹೆಸರಿತ್ತು, ಮನೆಯಿರಲಿಲ್ಲ.
ನೀರಿನ ಚೌಕದೊಳಗೆ ಮುಳ್ಳುಪೊದೆ, ಒಂದು ಹುಳಿ ಸೇಬಿನ ಮರ.

ಈಗ ಮಂಗಳವಾರಗಳಂದು ದಾಖಲೆಕೋಣೆಗೆ ಹೋಗಿ ಕೂರುತ್ತೇನೆ.
ಲ್ಯಾಟಿನ್ ನನಗೆ ಬಾರದು; ಅಲ್ಲಿನ ಹುಡುಗಿ ಬಿಡಿಸಿ ಬರೆದುಕೊಡುತ್ತಾಳೆ,
ಪುಣ್ಯಾತ್ಗಿತ್ತಿ.

ತೋಡಿಸಿದವನು ಹೇಮೋ. ವೈರಿ ಯಾರೂ ಇರಲಿಲ್ಲ ಅವನಿಗೆ.
ಭಾವನ ಮನೆಗೆ ಕಂದಕವಿತ್ತು, ಅಷ್ಟೇ ಕಾರಣ.
ಮೂರು ಚಳಿಗಾಲ ಒಕ್ಕಲುಗಳು ಜೇಡಿ ಅಗೆದರು,
ತಲೆಗೊಂದು ರೊಟ್ಟಿ, ಎರಡು ಹೆರಿಂಗು ಮೀನು.
ನೀರು ತಾನಾಗಿ ಬಂತು. ಸಫಕ್‌ನ ಜೇಡಿಯಲ್ಲಿ ಗುಂಡಿ ತೋಡಿದವರು
ಮಳೆಯನ್ನು ಕೂಗಿ ಕರೆಯಬೇಕಿಲ್ಲ.

ವಿಧವೆ ಸಬೀನಾ ಕಂದಕದಲ್ಲಿ ಬಟ್ಟೆ ಒಗೆದದ್ದಕ್ಕೆ ದಂಡ ಎರಡು ಪೆನ್ನಿ.
ಮರುವರ್ಷ ಮತ್ತೆ ಸಬೀನಾ, ಎರಡು ಪೆನ್ನಿ.
ಅದರ ಮರುವರ್ಷ ನಾಲ್ಕು.
ಐದನೆಯ ಸಲ ಗುಮಾಸ್ತ ಬರೆದಿದ್ದಾನೆ: ‘ಬಡವಿ, ಮಾಫಿ.’
ಒಗೆಯುವುದನ್ನು ಬಿಟ್ಟಳೆಂದು ಎಲ್ಲೂ ಬರೆದಿಲ್ಲ.

ಸಾವಿರದ ಮುನ್ನೂರ ನಲವತ್ತೊಂಬತ್ತರಲ್ಲಿ ಸೇತುವೆಯ ಹಲಗೆ ಎಳೆದಿಟ್ಟರು.
ಊರಿಗೆ ಬಂದದ್ದು ನೀರಿಗೆ ಬಾರದೆ ಇರುತ್ತದೆಯೇ?
ಲೆಕ್ಕದ ಸುರುಳಿಯಲ್ಲಿ ಒಬ್ಬನ ಕೈಬರಹ, ದುಂಡಗೆ, ಒತ್ತಾಗಿ:
ಬಾರ್ಲಿ ಇಷ್ಟು, ಬಟಾಣಿ ಇಷ್ಟು, ಹೆಬ್ಬಾತು ಹದಿನಾ
ಅಲ್ಲಿಗೆ ನಿಂತಿದೆ.
ಕೆಳಗಿನ ಸಾಲು ಬೇರೆ ಕೈಯದು, ಮೊನಚು, ಅವಸರ:
ಹೆಬ್ಬಾತು ಒಂಬತ್ತು.

ಆಮೇಲಿನದು ಬೇಗ ಬೇಗ. ಮಗಳು, ಮಗಳ ಮಗಳು, ಗೇಣಿದಾರರು,
ಯಾರದೋ ಸಾಲಕ್ಕೆ ಯಾರದೋ ಮೊಹರು.
ಮನೆ ಬಿದ್ದದ್ದಲ್ಲ, ಬಿಚ್ಚಿದ್ದು.
ತೊಲೆಗಳು ರಸ್ತೆಬದಿಯ ಇಟ್ಟಿಗೆ ಮನೆಯ ಅಟ್ಟಕ್ಕೆ, ಬಾಗಿಲು ಹಂದಿಗೂಡಿಗೆ,
ಒಲೆಯ ಚಪ್ಪಡಿ ಚರ್ಚಿನ ಮೆಟ್ಟಿಲಿಗೆ.
ಮದುವೆಯ ದಿನ ನಾನೂ ಅದನ್ನು ತುಳಿದೇ ಒಳಗೆ ಹೋದವನು.
ಕಂದಕವೊಂದು ಉಳಿಯಿತು. ತಗ್ಗನ್ನು ಯಾರು ಹೊತ್ತೊಯ್ಯುತ್ತಾರೆ?

ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ.
ಅಳೆದೆವು. ಒಂಬೈನೂರ ಹತ್ತು ಲೋಡು ಮಣ್ಣು.
ಮೊದಲ ರಾತ್ರಿಯೇ ಈಲ್ ಮೀನುಗಳು ಹೊರಟವು
ಹುಲ್ಲಿನ ಮೇಲೆ, ತಲೆಯೆತ್ತದೆ, ಬಾಡಿಗೆ ಕಟ್ಟದವರ ಹಾಗೆ.
ಸೇತುವೆಯ ಓಕ್ ಕಂಬ ಸಿಕ್ಕಿತು, ಇದ್ದಿಲುಗಪ್ಪು;
ಗರಗಸದ ಹಲ್ಲು ಮುರಿಯಿತು, ಧಣಿ ಬೈದ.
ಕೊನೆಯಲ್ಲಿ, ಕೆಸರಿನಿಂದ, ಒಂದು ಮೆಟ್ಟು.
ಚರ್ಮದ್ದು, ಮಗುವಿನದು, ಎಡಗಾಲಿನದು,
ಹೆಬ್ಬೆರಳ ಬಳಿ ಸವೆದದ್ದು.
ಜೇಬಿಗೆ ಹಾಕಿಕೊಂಡೆ. ಸಂಜೆಯೊಳಗೆ ಒಣಗಿ, ಬಿರಿದು,
ಹೊಗೆಸೊಪ್ಪಿನಂತೆ ಪುಡಿಯಾಯಿತು.
ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ನಿಲ್ಲುತ್ತಿತ್ತು.
ನನಗೆ ದಿನಕ್ಕೆ ಮೂವತ್ತೆರಡು ಷಿಲ್ಲಿಂಗು.

ಮಳೆ ಕೈಕೊಟ್ಟ ಜೂನಿನಲ್ಲಿ ಹೊಲವೆಲ್ಲ ಹಳದಿಗೆ ತಿರುಗಿದಾಗ
ಆ ಚೌಕ ಮಾತ್ರ ಹಸಿರಾಗಿರುತ್ತದೆ,
ಯಾರೋ ಗೆರೆ ಹಾಕಿ ತೋರಿಸಿದ ಹಾಗೆ, ಮೂಲೆ ಕೂಡ ತಪ್ಪದೆ.
ವಿಮಾನದಲ್ಲಿ ಹೋಗುವವರಿಗೆ ಕಾಣುತ್ತದಂತೆ. ನಾನು ಹತ್ತಿದವನಲ್ಲ.

ಈ ಫೆಬ್ರವರಿಯಲ್ಲಿ ಥರ್ಕೆಟಲನ ಮೊಮ್ಮಗ ಫೋನು ಮಾಡಿದ.
ಟ್ರ್ಯಾಕ್ಟರು ಈಶಾನ್ಯ ಮೂಲೆಯಲ್ಲಿ ಅಚ್ಚಿನವರೆಗೆ ಹೂತಿದೆ,
ಹಿಂದೆ ಗಾಳಿ, ಅವನ ಬೈಗುಳ, ಚಕ್ರ ಸುಮ್ಮನೆ ತಿರುಗುವ ಸದ್ದು.
‘ರೂಬೆನ್, ಇಲ್ಲಿ ಏನಿತ್ತು ಮಾರಾಯ?’

‘ಬಟ್ಟೆ ಒಗೆಯುತ್ತಿದ್ದರು,’ ಅಂದೆ.