ಜುಟ್ಟು

ತಿಬಿಲಿಸಿಯ ಈ ಇಳಿಜಾರು ಓಣಿಯಲ್ಲಿ
ನಮ್ಮ ಹೋಟೆಲಿಗೆ ಎರಡು ಒಲೆ.
ಮೇಲಿನದು ಅಂಗಳದಲ್ಲಿ, ಎಲ್ಲರ ಕಣ್ಣೆದುರು:
ದ್ರಾಕ್ಷಿ ಕಡ್ಡಿಯ ಕೆಂಡ, ಸರಳಿಗೆ ಚುಚ್ಚಿದ ಮಾಂಸ.
ಗುರಾಮ್ ಒಮ್ಮೆ ಗಾಳಿ ಬೀಸಿದರೆ ಸಾಕು,
ಗಿರಾಕಿಗಳು ಫೋಟೋ ಹಿಡಿಯುತ್ತಾರೆ.
ಕೆಳಗಿನದಕ್ಕೆ ಹನ್ನೊಂದು ಮೆಟ್ಟಿಲು ಇಳಿಯಬೇಕು.
ಅಲ್ಲಿ ಲಾಮಾರಾ.

ಅಂಗೈಯಲ್ಲಿ ಹಿಟ್ಟಿನ ಹಾಳೆ, ನಡುವೆ ಒಂದು ಚಮಚ ಕೈಮಾ.
ಹೆಬ್ಬೆರಳು ನಿಂತಲ್ಲೇ ನಿಂತಿರುತ್ತದೆ,
ತೋರುಬೆರಳು ಒಂದೊಂದೇ ನೆರಿಗೆ ತಂದು ಒಪ್ಪಿಸುತ್ತದೆ,
ಹದಿನೆಂಟು, ಹತ್ತೊಂಬತ್ತು,
ಆಮೇಲೆ ಒಂದು ತಿರುವು, ಒಂದು ಚಿವುಟು:
ಜುಟ್ಟು.
ಒಂದು ಖಿಂಕಾಲಿ ಆಯಿತು. ದಿನಕ್ಕೆ ಎಂಟುನೂರು.
‘ಇದು ಹೆಣ್ಣಿನ ಬೆರಳಿಗೆ ತಾನಾಗಿ ಬರುವಂಥದ್ದು’
ಎನ್ನುತ್ತಾನೆ ಯಜಮಾನ,
ಸಂಬಳ ಎಣಿಸುವಾಗಲೂ ಅದನ್ನೇ ಎನ್ನುತ್ತಾನೆ.

ಮಾಲ್ಖಾಜ್ ಎಂಬ ಹುಡುಗನ ಬೆರಳಿಗೂ ಬಂದಿತ್ತು.
ಮೂರನೇ ದಿನಕ್ಕೇ ಇಪ್ಪತ್ತು ನೆರಿಗೆ!
ಯಜಮಾನ ಹೊಟ್ಟೆ ಹಿಡಿದು ನಕ್ಕ,
ಕೆಂಡದ ಬಳಿಗೆ ಕಳಿಸಿದ, ಸಂಬಳ ಏರಿಸಿದ.
ಮೆಟ್ಟಿಲು ಹತ್ತುವಾಗ ಅವನ ಉಗುರಲ್ಲಿ ಇನ್ನೂ ಹಿಟ್ಟಿತ್ತು.

ನಾನು ಮೆಟ್ಟಿಲಿನವಳು. ಹತ್ತುತ್ತೇನೆ, ಇಳಿಯುತ್ತೇನೆ.
ನಗು ಕಡಿಮೆಯಾದರೆ ಟಿಪ್ಸ್ ಕಡಿಮೆ,
ಹೆಚ್ಚಾದರೆ ಮೊಣಕೈ ಮೇಲೆ ಯಾರದೋ ಕೈ.

ಶನಿವಾರ ಉದ್ದ ಮೇಜಿನಲ್ಲಿ ಇಪ್ಪತ್ತೆರಡು ಗಂಡಸರು.
ನಲವತ್ತು ಖಿಂಕಾಲಿ ಹೊತ್ತು ನಾನು ಬಾಗಿಲಿಗೆ ಬರುವುದಕ್ಕೂ
ಹಿರಿಯನೊಬ್ಬ ಲೋಟ ಎತ್ತಿ ಏಳುವುದಕ್ಕೂ ಸರಿಹೋಯಿತು:
‘ಹೆಂಗಸರಿಗಾಗಿ!’
ಎಲ್ಲರೂ ಎದ್ದರು. ಕುರ್ಚಿಗಳು ಕಿರುಗುಟ್ಟಿದವು.
ಮಾತು ಮುಗಿಯುವ ತನಕ ಯಾರೂ ಅಲುಗಬಾರದು, ಅದು ಪದ್ಧತಿ.
ತಾಯಿಯಿಂದ ಶುರುವಾಯಿತು, ಅಜ್ಜಿಗೆ ಹೋಯಿತು,
ಯಾವುದೋ ಶತಮಾನದ ರಾಣಿಯ ಹತ್ತಿರ ಬಹಳ ಹೊತ್ತು ನಿಂತಿತು.
ನನ್ನ ತೋಳು ನಡುಗಿತು. ತಟ್ಟೆಯ ಹಬೆ ನಿಂತಿತು.
ಕೆಳಗಿಂದ ಲಾಮಾರಾ ಗಂಟೆ ಬಾರಿಸಿದಳು,
ಮತ್ತೆ ಬಾರಿಸಿದಳು.

ಆರಿದ್ದನ್ನು ಅವರು ವಾಪಸು ಕಳಿಸಿದರು. ಬಿಸಿಯದು ಬಂತು.
ತಿಂದು, ಯಾರೂ ತಿನ್ನದ ಗಟ್ಟಿ ಜುಟ್ಟುಗಳನ್ನು
ತಟ್ಟೆಯಂಚಿಗೆ ಸಾಲಾಗಿಟ್ಟು ಎಣಿಸಿದರು:
ನಾನು ಹದಿನಾಲ್ಕು, ನೀನು? ನಾನು ಹದಿನೇಳು!
ಪ್ರತಿ ಜುಟ್ಟಿನ ಮೇಲೂ ಅವಳ ಎರಡು ಬೆರಳ ಗುರುತು.

‘ಯಾರಿಗೆ ಕುಡಿದರಂತೆ?’ ಕೇಳಿದಳು.
‘ನಿನಗೆ.’
‘ಹಾಗಾದರೆ ಕೂತು ಕುಡಿಯಬಾರದಿತ್ತೆ’ ಎಂದು
ಆರಿದ ನಲವತ್ತನ್ನೂ ಬೆಣ್ಣೆಯಲ್ಲಿ ಹುರಿದಳು.
ನಾವಿಬ್ಬರೂ, ಪಾತ್ರೆ ತೊಳೆಯುವ ಎತೇರಿಯೂ
ನಿಂತೇ ತಿಂದೆವು,
ಜುಟ್ಟು ಸಮೇತ.
ಯಾರೆಷ್ಟು ತಿಂದೆವೋ, ಲೆಕ್ಕ ಉಳಿಯಲಿಲ್ಲ.