ಇಸ್ತ್ರಿಗೆ ಮುಂಚೆ ಜೇಬು ನೋಡಬೇಕು

ಮನಾಮದ ಜುಫೈರ್‌ನಲ್ಲಿ ನಮ್ಮ ಲಾಂಡ್ರಿ.
ಅಂಗಿಗೆ ಇನ್ನೂರು ಫಿಲ್ಸ್, ಪ್ಯಾಂಟಿಗೆ ಇನ್ನೂರೈವತ್ತು,
ಜೇಬು ನೋಡುವುದಕ್ಕೆ ದುಡ್ಡಿಲ್ಲ.
ಆದರೂ ನೋಡಬೇಕು. ಒಮ್ಮೆ ಪೆನ್ನೊಂದು ಉಳಿದು
ಯಾರದೋ ಮದುವೆಯ ಬಿಳಿ ತೋಬು ನೀಲಿಯಾಯಿತು;
ಆ ನೀಲಿ ನನ್ನ ಸಂಬಳದಲ್ಲಿ ಮೂರು ತಿಂಗಳಿತ್ತು.

ಹಡಗುಕಟ್ಟೆಯ ಇಂಗ್ಲಿಷ್ ಎಂಜಿನಿಯರನ ಜೇಬಲ್ಲಿ ಒಂದು ಚೀಟಿ:
5/2.
ನೌಕಾನೆಲೆಯ ಅಮೆರಿಕದ ಹುಡುಗನದರಲ್ಲಿ: +250.
ಕಣ್ಣಿನ ಡಾಕ್ಟರು, ಜರ್ಮನಿಯವರು, ಬಹಳ ನೀಟು ಮನುಷ್ಯ,
ಅವರದು 3.50.
ಮೂರರಲ್ಲೂ ಒಂದೇ ಕುದುರೆಯ ಹೆಸರು.

ಮೂರು ವಾರ ತಲೆಗೆ ಹೋಗಲಿಲ್ಲ.
ಆಮೇಲೊಂದು ಮಧ್ಯಾಹ್ನ, ಕಾಲರು ತಿರುಗಿಸುವಾಗ,
ಬೋಳಿಯಾರಿನ ಶಾಲೆಯಲ್ಲಿ ಸೇಸಪ್ಪ ಮಾಸ್ಟ್ರು
ಕಿವಿ ಹಿಂಡಿ ಕಲಿಸಿದ ಭಿನ್ನರಾಶಿ
ಇಸ್ತ್ರಿಯ ಹಬೆಯಲ್ಲಿ ಎದ್ದು ಬಂತು.

ಇಂಗ್ಲಿಷಿನವ ಲಾಭ ಮಾತ್ರ ಹೇಳುತ್ತಾನೆ: ಎರಡು ಇಟ್ಟರೆ ಐದು.
ಅಮೆರಿಕದವನಿಗೆ ಎಲ್ಲವೂ ನೂರರಲ್ಲಿ: ನೂರಕ್ಕೆ ಇನ್ನೂರೈವತ್ತು.
(ಗೆಲ್ಲುವ ಕುದುರೆಯಾದರೆ ಕಳೆಯುವ ಚಿಹ್ನೆ ಹಾಕಿ
ನೂರು ಗಳಿಸಲು ಎಷ್ಟು ಇಡಬೇಕೆನ್ನುತ್ತಾನೆ. ತಲೆಕೆಳಗು ಜನ.)
ಡಾಕ್ಟರು ನಾವಿಟ್ಟದ್ದನ್ನೂ ಸೇರಿಸಿ ಎಣಿಸುವವರು:
ಒಂದು ಕೊಟ್ಟರೆ ಕೈಗೆ ಮೂರೂವರೆ.
ಐದನ್ನು ಎರಡರಿಂದ ಭಾಗಿಸು, ಒಂದು ಕೂಡಿಸು, ಅಷ್ಟೇ ಮಾರಾಯ.
ಅಂಗಿ ಒಂದೇ. ಒಬ್ಬನಿಗೆ ಮಡಚಿ ಬೇಕು,
ಒಬ್ಬನಿಗೆ ಹ್ಯಾಂಗರಿನಲ್ಲಿ,
ಒಬ್ಬರಿಗೆ ಕುತ್ತಿಗೆಯ ತನಕ ಗುಂಡಿ ಹಾಕಿ.
ಬಿಚ್ಚಿ ನೋಡಿದರೆ: ಏಳು ಸಲ ಓಡಿದರೆ ಎರಡು ಸಲ ಗೆದ್ದೀತು
ಎಂದು ಬುಕ್ಕಿಯ ಅಂದಾಜು. ಅದೂ ಉಬ್ಬಿಸಿದ್ದು.

ರೂಮಿನಲ್ಲಿ ಇದನ್ನು ಹೇಳಬಾರದಿತ್ತು.
ಮಲಗಿದ್ದ ಲಾದ್ರು ಎದ್ದು ಕೂತ.
ಅವನಿಗೆ ಮುಂಬೈಯ ಒಬ್ಬ ಫೋನಿನಲ್ಲಿ
ಪೈಸೆಯ ಲೆಕ್ಕದಲ್ಲಿ ಭಾವ ಹೇಳುತ್ತಿದ್ದ,
ಈ ತಂಡಕ್ಕೂ ತೊಂಬತ್ತು, ಆ ತಂಡಕ್ಕೂ ತೊಂಬತ್ತು.
"ಡಾಕ್ಟರ ಭಾಷೆಯಲ್ಲಿ ಇದೆಷ್ಟು?"
1.90 ಎಂದೆ. ಅಲ್ಲಿಗೆ ಬಿಡದೆ, ಮಾಸ್ಟ್ರ ದನಿಯಲ್ಲಿ,
ಎರಡೂ ಕಡೆಯ ಅಂದಾಜು ಕೂಡಿಸು, ನೂರೈದು ದಾಟುತ್ತದೆ.
ಲೋಕದಲ್ಲಿ ಇರುವುದೇ ನೂರು. ಆ ಐದು ಎಲ್ಲಿಂದ ಬಂತು?
ಮೇಲಿನ ಮಂಚದಿಂದ ಇದ್ದಿನಬ್ಬ,
ಹಣ ಕಳಿಸುವ ಎಕ್ಸ್‌ಚೇಂಜಿನ ಕೌಂಟರಿನವ,
ಕಣ್ಣು ಮುಚ್ಚಿಕೊಂಡೇ ಹೇಳಿದ:
"ಕೊಳ್ಳುವ ದರ ಒಂದು, ಮಾರುವ ದರ ಒಂದು.
ನಡುವಿನ ಸಂದಿಯಲ್ಲಿ ನಮ್ಮ ಮಾಲೀಕರ ವಿಲ್ಲಾ ಇದೆ."

ಲಾದ್ರುವಿಗೆ ನಾಲ್ಕು ಪಂದ್ಯ ಒಟ್ಟಿಗೆ ಕಟ್ಟಬೇಕಿತ್ತು.
ನಾಲ್ಕೂ ಸರಿಯಾದರೆ ದುಡ್ಡು, ಒಂದು ತಪ್ಪಿದರೆ ಗಾಳಿ.
ಲಾಂಡ್ರಿಯ ರಶೀದಿಯ ಹಿಂದೆ ಬರೆದು ತೋರಿಸಿದೆ:
ಸಮಸಮ ತಂಡಗಳಾದರೆ ಇದು ಬರುವುದು
ಹದಿನಾರರಲ್ಲಿ ಒಮ್ಮೆ. ಅವರು ಕೊಡುವುದು ಹದಿಮೂರು.
ಮೂರು ಅವರ ಹೊಟ್ಟೆಗೆ. ಬೇಡ.
"ಹೌದಲ್ಲ" ಎಂದ. ರಶೀದಿ ಮಡಚಿ ಇಟ್ಟುಕೊಂಡ.

ಶುಕ್ರವಾರ ಗೆದ್ದ.
ನಾಲ್ಕಕ್ಕೆ ನಾಲ್ಕು.
ಗುದೈಬಿಯಾದಿಂದ ಮಟನ್ ಬಿರಿಯಾನಿ ಬಂತು, ಆರು ಜನಕ್ಕೆ.
"ಇಕೋ, ನಿನ್ನ ಗಣಿತ ತಿನ್ನು" ಎಂದು
ದೊಡ್ಡ ತುಂಡು ನನ್ನ ತಟ್ಟೆಗೇ ಹಾಕಿದ.
ರುಚಿಯಾಗಿತ್ತು, ಸುಳ್ಳು ಯಾಕೆ.
ಲೆಕ್ಕ ತಪ್ಪಿರಲಿಲ್ಲ ಎಂದು ಹೇಳಲು ಹೊರಟರೆ
ಬಾಯಿ ತುಂಬ ಅನ್ನ.

ಅದಾಗಿ ಎರಡು ತಿಂಗಳು.
ಊರಿಗೆ ಕಳಿಸಲು ಲಾದ್ರು ಕೌಂಟರಿಗೆ ಬರುತ್ತಿಲ್ಲ
ಎಂದು ಇದ್ದಿನಬ್ಬ ಹೇಳಿದ, ದರದ ಬೋರ್ಡು ಓದುವವನಂತೆ.
ನಿನ್ನೆ ಅವನ ಡ್ರೈವರ್ ಯೂನಿಫಾರ್ಮು ಇಸ್ತ್ರಿಗೆ ಬಂತು.
ಜೇಬು ನೋಡಿದೆ.
ನಮ್ಮದೇ ರಶೀದಿ, ಮಡಿಕೆಯಲ್ಲಿ ಹರಿದು. ನನ್ನದೇ ಅಕ್ಷರ.
ಹದಿನಾರು ಬೆವರಿಗೆ ಅಳಿಸಿದೆ.
ಹದಿಮೂರರ ಸುತ್ತ ನೀಲಿ ಪೆನ್ನು
ಸುತ್ತಿ ಸುತ್ತಿ
ಕಾಗದ ತೂತಾಗಿದೆ.