ಹಿಂಭಾರ

ಟುಲ್ಲಾ ಬಿಟ್ಟಾಗ ರಾತ್ರಿ ಹನ್ನೊಂದೂವರೆ.
ಜೇನು ಸಾಗಿಸುವುದು ಕತ್ತಲಲ್ಲೇ.
ಬಾಗಿಲಿಗೆ ಜಾಲರಿ ಬಡಿದು, ಪಟ್ಟಿ ಬಿಗಿದು
ಇಪ್ಪತ್ತೆಂಟು ಪೆಟ್ಟಿಗೆ ಹೇರಿದವನು ನಾನು.
ಹಗುರದವನ್ನು ಮೊದಲು ಒಳಗೆ ತಳ್ಳಿದೆ.
ಲೆದರ್‌ವುಡ್ಡಿನ ಜೇನು ತುಂಬಿ ಕಲ್ಲಾದವು
ಕೈ ಸೋತ ಹೊತ್ತಿಗೆ ಬಂದವು;
ಕೈಗೆ ಹತ್ತಿರ ಎಲ್ಲಿತ್ತೋ ಅಲ್ಲೇ, ಬಾಲಕ್ಕೇ ಇಟ್ಟೆ.
ಬಲೆ ಹೊದಿಸಿದ ಮೇಲೆ ಯಾರು ನೋಡುತ್ತಾರೆ?

ನೆರಿಡಾ ಉಳಿದದ್ದನ್ನೆಲ್ಲ ನೋಡಿದಳು.
ಟಾರ್ಚು ಬಾಯಲ್ಲಿ ಕಚ್ಚಿ, ಮಂಡಿಯೂರಿ,
ಗುಂಡಿನ ಮೇಲೆ ಕೊಕ್ಕೆ ಕೂತಿತೇ ಎಂದು ಎತ್ತಿ ಎಳೆದಳು,
ಮೂಕಿಯ ಕೆಳಗೆ ಸರಪಳಿಯನ್ನು ಕತ್ತರಿ ಹಾಕಿದಳು,
ಟೈರಿನ ಗಾಳಿ, ಎಡದ ದೀಪ, ಬಲದ ದೀಪ.
"ಹೇರಿದ್ದು ಸರಿಯಿದೆಯಾ?"
"ಹೂಂ."
ಆ ಹೂಂ ಎಷ್ಟು ಕಿಲೋ ತೂಗುತ್ತದೆಂದು
ಆಗ ನನಗೆ ಗೊತ್ತಿರಲಿಲ್ಲ.

ಏರುವಾಗ ಏನೂ ಆಗಲಿಲ್ಲ.
ಏರು ಯಾರ ಗುಟ್ಟನ್ನೂ ಬಯಲಿಗೆಳೆಯುವುದಿಲ್ಲ.
ಇಳಿಜಾರಿನಲ್ಲಿ, ಎಂಬತ್ತರ ವೇಗದಲ್ಲಿ,
ರಸ್ತೆ ನಡುವೆ ಒಂದು ವಾಂಬ್ಯಾಟ್
ಸಾಲ ವಸೂಲಿಗೆ ಬಂದವನ ಹಾಗೆ ನಿಂತಿತ್ತು.
ನೆರಿಡಾ ಒಂದು ಗೇಣು ತಿರುಗಿಸಿದಳು, ಅಷ್ಟೆ.
ಅದು ಬದುಕಿತು.

ಹಿಂದಿನ ಟ್ರೈಲರಿಗೆ ಆ ಗೇಣು ಸಾಲಲಿಲ್ಲ.
ಎಡಕ್ಕೆ ಮೊಳ, ಬಲಕ್ಕೆ ಮಾರು,
ಎತ್ತು ಏರಿಗೆ, ಕೋಣ ನೀರಿಗೆ,
ನಮ್ಮ ಗಾಡಿಯ ಬೆನ್ನನ್ನೇ ಹಿಡಿದು ಜಾಡಿಸತೊಡಗಿತು.

"ಬ್ರೇಕ್!" ಎಂದು ಕಿರುಚಿದ್ದು ನಾನು.
ಇಲ್ಲದ ಪೆಡಲನ್ನು ನನ್ನ ಕಾಲು ತುಳಿಯುತ್ತಿತ್ತು.
ಅವಳ ಕಾಲು ಎದ್ದಿತು,
ಆಗತಾನೇ ನಿದ್ದೆ ಹೋದ ಕೂಸಿನ ಮಗ್ಗುಲಿಂದ ಏಳುವ ಹಾಗೆ.
ಸ್ಟೀರಿಂಗು ನೆಟ್ಟಗೆ. ಒಂದು ಕೈ ತಡಕಿ
ಟ್ರೈಲರಿಗೆ ಮಾತ್ರ ಬ್ರೇಕು ಕೊಡುವ ಸಣ್ಣ ಗುಂಡಿಯ ಮೇಲೆ.
ಹಿಂದಿನದನ್ನು ಹಿಂದಕ್ಕೆ ಹಿಡಿದಳು;
ಮಾರು ಮೊಳವಾಯಿತು, ಮೊಳ ಗೇಣು,
ಗೇಣು ಎರಡು ಬೆರಳು.

ಅಂಚಿಗೆ ನಿಂತೆವು. ಬಲೆ ಬಿಚ್ಚಿದಳು.
ಟಾರ್ಚಿನ ಬೆಳಕು ಕೊನೆಯ ಸಾಲಿನ ಮೇಲೆ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು.
ಬೈದಿದ್ದರೆ ಸುಲಭವಿತ್ತು.
"ಹಿಂಭಾರ" ಎಂದಳು,
ಡಾಕ್ಟರು ಕಾಯಿಲೆಯ ಹೆಸರು ಹೇಳಿದ ಹಾಗೆ.

ಭಾರದವು ಅಚ್ಚಿನ ಮೇಲೆ, ಅಚ್ಚಿನ ತುಸು ಮುಂದೆ.
ಹಗುರದವು ಬಾಲಕ್ಕೆ.
ಒಂದು ಜಾಲರಿ ಸಡಿಲಿತ್ತು, ಅದೂ ನನ್ನದೇ ಕೆಲಸ.
ಮಣಿಕಟ್ಟಿಗೆ ಮೂರು, ಕಿವಿಗೆ ಒಂದು.
ಹಿಂಡಬೇಡ, ವಿಷ ಒಳಗಿಳಿಯುತ್ತೆ ಎಂದು
ಉಗುರಿನಿಂದ ಕೆರೆದು ಮುಳ್ಳು ತೆಗೆದವಳು ಅವಳೇ.

ಮತ್ತೆ ಹೊರಟಾಗ ಅರವತ್ತು,
ಮುಳ್ಳು ಅದರ ಮೇಲೆ ಒಂದು ಗೆರೆ ಹತ್ತಲಿಲ್ಲ.
ಶೆಫೀಲ್ಡಿನ ಪೆಟ್ರೋಲ್ ಬಂಕಿನವರೆಗೂ ಮಾತಿಲ್ಲ.
ಅಲ್ಲಿ ಕೇಳಿದಳು: "ಪಟ್ಟಿ ಸರಿಯಿದೆಯಾ?"

ನಾನು ಹೂಂ ಅನ್ನಲಿಲ್ಲ.
ಇಳಿದು ಹೋಗಿ ಒಂದೊಂದನ್ನೂ ಎಳೆದು ನೋಡಿದೆ.
ಒಳಗೆ ಯಾವುದೋ ಪೆಟ್ಟಿಗೆ
ನಿದ್ದೆಗಣ್ಣಲ್ಲಿ ಗುಂಯ್ ಎಂದಿತು.